ಹಳೆ ಪಿಕಪ್‌ಗೆ ಮನೆಯಲ್ಲೇ ಹೊಲಿದ ಕ್ಯಾನ್ವಾಸ್ ಟಾಪ್: ಸೋರಿದಾಗ, ಹರಿದಾಗ, ಪಟಪಟ ಬಡಿದಾಗ ತಪ್ಪು ಎಲ್ಲಿದೆ ಅಂತ ಹುಡುಕುವುದು ಹೇಗೆ

ಪಿಕಪ್‌ನ ತೊಟ್ಟಿಯ (ಹಿಂದೆ ಸಾಮಾನು ಹೇರುವ ಭಾಗದ) ಮೇಲೆ ಪೈಪಿನ ಕಮಾನುಗಳನ್ನು ನಿಲ್ಲಿಸಿ ಹೊದಿಸುವ ಟಾಪ್ ಹೊಲಿದು ಮುಗಿಸಿದ ವಾರವೇ ಮಳೆ ಬಂತು. ರಾತ್ರಿ ಮೂರು ಗಂಟೆ ಹೊತ್ತಿಗೆ, ಒಳಗೆ ಮಲಗಿದ್ದ ನನ್ನ ಹಣೆ ಮೇಲೆ ತಣ್ಣಗೆ ಒಂದು ಹನಿ ಬಿತ್ತು. ಟಾರ್ಚ್ ಹಾಕಿ ನೋಡಿದೆ. ನೆತ್ತಿಯ ಉದ್ದಕ್ಕೂ ಹೋಗುವ ಪೈಪು ಎರಡನೇ ಕಮಾನಿಗೆ ಕೂಡುವ ಕಡೆ ಒಂದು ಕ್ಲಾಂಪ್ ಇದೆ. ಅದರ ಬೋಲ್ಟ್ ತುದಿಯಲ್ಲಿ ನೀರು ತೂಗಾಡುತ್ತಿತ್ತು. ಒಂದು ಹನಿ ಬೀಳುತ್ತಿತ್ತು, ನಿಧಾನಕ್ಕೆ ಇನ್ನೊಂದು ಕೂಡಿಕೊಳ್ಳುತ್ತಿತ್ತು. ಅದರ ನೇರ ಮೇಲೆ ಒಂದು ಹೊಲಿಗೆ ಹಾದುಹೋಗಿದೆ. ಹೊಲಿಗೆಯೇ ಸೋರುತ್ತಿದೆ ಅಂತ ನಿರ್ಧರಿಸಿಬಿಟ್ಟೆ. ಬಿಸಿಲು ಬಂದ ಮೇಲೆ ಒಣಗಿಸಿ ಮೇಣ ತಿಕ್ಕಿದೆ. ಮುಂದಿನ ಮಳೆಗೆ ಮತ್ತೆ ಅದೇ ಬೋಲ್ಟ್, ಅದೇ ಹನಿ. ಇನ್ನಷ್ಟು ಮೇಣ ಹಚ್ಚಿದೆ. ಮೂರನೇ ಮಳೆಗೂ ಹನಿ ನಿಲ್ಲಲಿಲ್ಲ.

ಕೊನೆಗೆ ಒಂದು ಸೀಮೆಸುಣ್ಣದ ತುಂಡು ದಾರಿ ತೋರಿಸಿತು. ನೆತ್ತಿ ಪೈಪಿನ ಕೆಳಮೈಗೆ ಉದ್ದಕ್ಕೂ ಸೀಮೆಸುಣ್ಣ ತಿಕ್ಕಿ, ಹೊರಗಿನಿಂದ ಟಾಪ್ ಮೇಲೆ ನಲ್ಲಿ ಪೈಪಿನಿಂದ ನೀರು ಬಿಡಿಸಿದೆ. ಸುಣ್ಣದ ಮೇಲೆ ಒಂದು ಕಪ್ಪು ಗೆರೆ ಮೂಡಿತು. ಅದು ಬೋಲ್ಟಿನಿಂದ ಶುರುವಾಗಿ ಮುಂದಕ್ಕೆ, ಕ್ಯಾಬಿನ್ ಕಡೆಗೆ, ಹತ್ತಿರ ಹತ್ತಿರ 90 ಸೆಂಟಿಮೀಟರ್ ಹೋಗಿ ಮುಂಭಾಗದ ಐಲೆಟ್‌ನಲ್ಲಿ (ಹಗ್ಗ ತೂರಿಸಲು ಬಟ್ಟೆಗೆ ಹಾಕುವ ಲೋಹದ ಬಳೆಯಲ್ಲಿ) ನಿಂತಿತು. ಆ ಐಲೆಟ್ ಮೂಲಕ ನಾನು ಹತ್ತಿ ಹಗ್ಗ ತೂರಿಸಿ ಒಳಗಿನ ಪೈಪಿಗೆ ಕಟ್ಟಿದ್ದೆ. ಹಗ್ಗ ಹೊರಗೆ ನೆನೆಯುತ್ತಿತ್ತು, ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ನೀರನ್ನು ಒಳಗೆ ಎಳೆಯುತ್ತಿತ್ತು. ಗಾಡಿಯ ಮೂತಿ ಸ್ವಲ್ಪ ಮೇಲಿರುವ ಜಾಗದಲ್ಲಿ ನಿಲ್ಲಿಸಿದ್ದರಿಂದ ನೀರು ಪೈಪಿನ ಕೆಳಗೆ ಅಂಟಿಕೊಂಡು ಹಿಂದಕ್ಕೆ ಹರಿದು, ಬೋಲ್ಟ್ ಅಡ್ಡ ಬಂದ ಕಡೆ ತೊಟ್ಟಿಕ್ಕುತ್ತಿತ್ತು. ಹೊಲಿಗೆಯದ್ದು ಏನೂ ತಪ್ಪಿರಲಿಲ್ಲ. ಅದರ ಮೇಲೆ ಹಚ್ಚಿದ ಅಷ್ಟೂ ಮೇಣ ದಂಡ.

ಹಾಗಾಗಿ ಈ ಬರಹದಲ್ಲಿ ನಾನು ಪದೇ ಪದೇ ಹೇಳುವುದು ಒಂದೇ. ನೀರು ಬೀಳುವ ಜಾಗ ಬೇರೆ, ನೀರು ಒಳಗೆ ಬರುವ ಜಾಗ ಬೇರೆ. ಬಟ್ಟೆ ಹರಿದ ಜಾಗ ಬೇರೆ, ಎಳೆತ ಹುಟ್ಟುವ ಜಾಗ ಬೇರೆ. ಮೂಲ ಸಿಗುವ ತನಕ ಮೇಣ, ಗೋಂದು, ಸೂಜಿ ಯಾವುದನ್ನೂ ಮುಟ್ಟಬೇಡಿ.

ಎಲ್ಲಕ್ಕಿಂತ ಮೊದಲು: ಒಳಗೆ ಹೊಗೆ ವಾಸನೆ ಬರುತ್ತಿದ್ದರೆ

ಸೋರಿಕೆ ನಾಳೆ ನೋಡಿಕೊಳ್ಳಬಹುದು, ಇದನ್ನು ಇವತ್ತೇ ನೋಡಬೇಕು. ಗಾಡಿ ಓಡುವಾಗ ಅದರ ಬೆನ್ನ ಹಿಂದೆ ಗಾಳಿಯ ಒತ್ತಡ ಕಡಿಮೆಯಾಗುತ್ತದೆ. ಸೈಲೆನ್ಸರ್ ಹೊಗೆ ಅಲ್ಲೇ ಸುತ್ತುತ್ತದೆ. ಟಾಪಿನ ಹಿಂಪರದೆ ತೆರೆದಿದ್ದರೆ ಹೊಗೆ ಒಳಗೆ ನುಗ್ಗುತ್ತದೆ. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ನಿಮಗೆ ಬರುವ ವಾಸನೆ ಹೊಗೆಯ ಬೇರೆ ಅಂಶಗಳದ್ದು. ಆದ್ದರಿಂದ ವಾಸನೆ ಕಡಿಮೆಯಾಯಿತು ಅಂದ ಮಾತ್ರಕ್ಕೆ ಅಪಾಯ ಹೋಯಿತು ಅಂತಲ್ಲ.

ಪರೀಕ್ಷೆ ಹೀಗೆ ಮಾಡಿ. ಎಂಜಿನ್ ತಣ್ಣಗಿರುವಾಗ ಬಯಲಲ್ಲಿ ಗಾಡಿ ಸ್ಟಾರ್ಟ್ ಮಾಡಿಸಿ. ಒಬ್ಬರು ದಪ್ಪ ಬಟ್ಟೆಯಿಂದ ಸೈಲೆನ್ಸರ್ ಬಾಯಿಯನ್ನು ಎರಡು ಮೂರು ಸೆಕೆಂಡ್ ಅರ್ಧಂಬರ್ಧ ಒತ್ತಿ ಹಿಡಿಯಲಿ. ಪೈಪಿನ ಜೋಡಣೆಗಳಲ್ಲಿ ಸೋರಿಕೆ ಇದ್ದರೆ ಬುಸ್ ಅನ್ನುವ ಸದ್ದು ಕೇಳಿಸುತ್ತದೆ. ಸೋರುವ ಜಾಗದ ಸುತ್ತ ಮಸಿ ಕಟ್ಟಿರುವುದೂ ಉಂಟು. ಆಮೇಲೆ ತೊಟ್ಟಿಯ ತಳ ನೋಡಿ. ಹಳೆ ಗಾಡಿಗಳಲ್ಲಿ ತುಕ್ಕು ತಿಂದ ತೂತುಗಳು ಇರುತ್ತವೆ, ಹಿಂಬಾಗಿಲಿನ ಸುತ್ತ ಸಂದಿಯೂ ಜಾಸ್ತಿ. ರಾತ್ರಿ ತೊಟ್ಟಿಯ ಅಡಿಯಿಂದ ಟಾರ್ಚ್ ಬಿಟ್ಟು ಒಳಗೆ ಕೂತು ನೋಡಿದರೆ ಬೆಳಕು ಬರುವ ಪ್ರತಿ ಚುಕ್ಕೆಯೂ ಹೊಗೆ ಬರುವ ದಾರಿ.

ಸೈಲೆನ್ಸರ್ ಬಾಯಿ ತೊಟ್ಟಿಯ ಅಡಿಯಲ್ಲೇ ಮುಗಿದಿದ್ದರೆ ಅದನ್ನು ತೊಟ್ಟಿಯ ಅಂಚು ದಾಟುವಷ್ಟು ಉದ್ದ ಮಾಡಿಸಿ. ಓಡಿಸುವಾಗ ಹಿಂಪರದೆ ಪೂರ್ತಿ ಮುಚ್ಚಿರಲಿ. ಮುಂದೆ ಮುಚ್ಚಿ ಹಿಂದೆ ತೆರೆದಿಡುವುದು ಎಲ್ಲಕ್ಕಿಂತ ಕೆಟ್ಟ ಜೋಡಿ. ಗಾಡಿ ಓಡುವಾಗ ಟಾಪಿನ ಒಳಗೆ ಯಾರೂ ಕೂರಬಾರದು, ಯಾವ ಪರೀಕ್ಷೆಗೂ ಕೂರಬಾರದು. ನಿಲ್ಲಿಸಿ ಮಲಗುವಾಗ ಎಂಜಿನ್ ಆಫ್ ಆಗಿರಬೇಕು. ಒಳಗೆ ಒಲೆ ಹಚ್ಚಬೇಡಿ. ಮೇಣ ಹಚ್ಚಿದ ಕ್ಯಾನ್ವಾಸ್‌ಗೆ ಬೆಂಕಿ ಬೇಗ ಹತ್ತುತ್ತದೆ, ಒಲೆಯಿಂದಲೂ ಅದೇ ವಿಷಗಾಳಿ ಬರುತ್ತದೆ. ಬ್ಯಾಟರಿಯಲ್ಲಿ ನಡೆಯುವ ಕಾರ್ಬನ್ ಮೊನಾಕ್ಸೈಡ್ ಅಲಾರಂ ಒಂದು ಒಳಗೆ ತಗುಲಿಸಿಡಿ.

ಒಳಗೆ ನೀರು: ಅದು ಮಳೆ ನೀರೋ, ನಿಮ್ಮ ಉಸಿರೋ?

ನಮ್ಮ ಟಾಪ್ ಸೋರುತ್ತೆ ಅಂತ ಹೇಳಿಕೊಂಡವರಲ್ಲಿ ಎಷ್ಟೋ ಜನರ ಟಾಪ್ ಸೋರುತ್ತಲೇ ಇರುವುದಿಲ್ಲ. ಇಬ್ಬರು ಮಲಗಿದರೆ ಒಂದು ರಾತ್ರಿಯಲ್ಲಿ ಉಸಿರು, ಬೆವರು ಸೇರಿ ಸುಮಾರು ಅರ್ಧ ಲೀಟರ್ ನೀರು ಗಾಳಿಗೆ ಸೇರುತ್ತದೆ. ಒಳಗೆ 20 ಡಿಗ್ರಿ ಸೆಲ್ಸಿಯಸ್, ನೂರಕ್ಕೆ 70ರಷ್ಟು ತೇವ ಇದೆ ಅಂದುಕೊಳ್ಳಿ. ಆಗ ಸುಮಾರು 14 ಡಿಗ್ರಿಗಿಂತ ತಣ್ಣಗಿರುವ ಯಾವ ವಸ್ತುವಿನ ಮೇಲಾದರೂ ನೀರು ಕೂರುತ್ತದೆ. ಬೆಳಗಿನ ಜಾವ ಕಬ್ಬಿಣದ ಕಮಾನು ಅದಕ್ಕಿಂತ ತಣ್ಣಗಾಗುವುದು ಸುಲಭ. ಹತ್ತಿ ಬಟ್ಟೆ ಸ್ವಲ್ಪ ತೇವ ಹೀರಿ ಹೊರಗೆ ಬಿಡುತ್ತದೆ, ಕಬ್ಬಿಣ ಬಿಡುವುದಿಲ್ಲ. ಅದಕ್ಕೇ ಮೊದಲು ಪೈಪುಗಳು ಬೆವರುತ್ತವೆ.

ಎರಡನ್ನೂ ಬೇರೆ ಮಾಡಿ ನೋಡುವ ಉಪಾಯ ಸರಳ. ಒಂದು ಅಡಿ ಅಗಲ, ಒಂದು ಅಡಿ ಉದ್ದದ ಪ್ಲಾಸ್ಟಿಕ್ ಹಾಳೆಯನ್ನು ಚಾವಣಿಯ ಒಳಮೈಗೆ ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿ. ಬೆಳಿಗ್ಗೆ ಎದ್ದು ನೋಡಿ. ನಿಮ್ಮ ಕಡೆಗಿರುವ ಮುಖದಲ್ಲಿ ಹನಿ ಇದ್ದರೆ ಅದು ಉಸಿರಿನ ನೀರು. ಪ್ಲಾಸ್ಟಿಕ್ ಮತ್ತು ಬಟ್ಟೆಯ ನಡುವೆ ಹನಿ ಇದ್ದರೆ ಹೊರಗಿನಿಂದ ಬಂದ ನೀರು. ಮಳೆ ಇಲ್ಲದ, ಆಕಾಶ ತಿಳಿಯಾಗಿರುವ ರಾತ್ರಿಯಲ್ಲೂ ಒಳಗೆ ಒದ್ದೆಯಾದರೆ ಪ್ಲಾಸ್ಟಿಕ್ಕೂ ಬೇಡ, ಉತ್ತರ ಸಿಕ್ಕಿತು.

ಉಸಿರಿನ ನೀರಿಗೆ ಮದ್ದು ಗಾಳಿ. ಮುಂದಿನ ಗೋಡೆಯ ಮೇಲ್ಭಾಗದಲ್ಲಿ ಒಂದು, ಹಿಂಪರದೆಯ ಮೇಲ್ಭಾಗದಲ್ಲಿ ಒಂದು, ಅಂಗೈ ಅಗಲದ ಕಿಂಡಿ ಬಿಡಿ. ಒಳಗೆ ಸೊಳ್ಳೆಪರದೆ, ಹೊರಗೆ ಮಳೆ ತಡೆಯುವ ಚಿಕ್ಕ ಮುಚ್ಚಳ ಹೊಲಿಯಿರಿ. ಎರಡೂ ತುದಿಯಲ್ಲಿ ಇರಲೇಬೇಕು, ಒಂದೇ ಕಿಂಡಿಯಿಂದ ಗಾಳಿ ಆಡುವುದಿಲ್ಲ. ಕಮಾನಿನ ಪೈಪುಗಳಿಗೆ ಹಳೆ ಹತ್ತಿ ಪಟ್ಟಿ ಸುತ್ತಿದರೆ ಹನಿ ತೊಟ್ಟಿಕ್ಕುವುದು ನಿಲ್ಲುತ್ತದೆ, ಆದರೆ ಹಗಲು ಅದನ್ನು ಒಣಗಲು ಬಿಡಬೇಕು. ಬಟ್ಟೆಗೆ ಎಷ್ಟೇ ಮೇಣ ಹಚ್ಚಿದರೂ ಉಸಿರಿನ ನೀರು ಕಡಿಮೆಯಾಗುವುದಿಲ್ಲ. ಬಟ್ಟೆಯ ಸಣ್ಣ ರಂಧ್ರ ಮುಚ್ಚಿಹೋಗಿ ಜಾಸ್ತಿಯೇ ಆಗುತ್ತದೆ.

ಮಳೆ ನೀರೇ ಅಂತ ಗೊತ್ತಾದರೆ

ಮೊದಲು ಒಂದು ಪ್ರಶ್ನೆ: ಬಟ್ಟೆ ಹೊಸದಾ? ಹೊಸ ಹತ್ತಿ ಕ್ಯಾನ್ವಾಸ್ ಮೊದಲ ಮಳೆಗೆ ಸಣ್ಣ ತುಂತುರು ಬಿಡುವುದು ದೋಷ ಅಲ್ಲ. ಹತ್ತಿ ಎಳೆ ನೆನೆದಾಗ ಉಬ್ಬುತ್ತದೆ. ಹಾಸು ಹೊಕ್ಕಿನ ನಡುವಿನ ಸಂದಿ, ಸೂಜಿ ಮಾಡಿದ ತೂತು ಎರಡೂ ಆಗ ಮುಚ್ಚಿಕೊಳ್ಳುತ್ತವೆ. ಟಾಪನ್ನು ಕಮಾನಿನ ಮೇಲೆ ಹಾಕಿ ಪೂರ್ತಿ ನೆನೆಯುವಂತೆ ನೀರು ಬಿಡಿ. ಪೂರ್ತಿ ಒಣಗಲಿ. ಎರಡು ಮೂರು ಸಲ ಹೀಗೆ ಮಾಡಿ. ಅಷ್ಟರ ತನಕ ಹೊಲಿಗೆಗೆ ಏನೂ ಹಚ್ಚಬೇಡಿ. ತೂತು ತಾನಾಗಿ ಮುಚ್ಚಿಕೊಳ್ಳುವ ಮೊದಲೇ ಮೇಣ ತುಂಬಿದರೆ ಎಳೆ ಉಬ್ಬುವುದಕ್ಕೆ ಆಗುವುದಿಲ್ಲ. ಇದು ಹತ್ತಿಗೆ ಮಾತ್ರ. ಪಾಲಿಯೆಸ್ಟರ್ ಬಟ್ಟೆ, ಪಾಲಿಯೆಸ್ಟರ್ ದಾರ ಉಬ್ಬುವುದಿಲ್ಲ. ಅದರ ಹೊಲಿಗೆಗೆ ಸೀಲರ್ (ತೂತು ಮುಚ್ಚುವ ಅಂಟು) ಹಚ್ಚಲೇಬೇಕು.

ಮೂರು ಸಲ ನೆನೆಸಿದ ಮೇಲೂ ಸೋರಿದರೆ ನೀರಿನ ಪರೀಕ್ಷೆ ಮಾಡಿ. ಇದಕ್ಕೆ ಇಬ್ಬರು ಬೇಕು. ಒಬ್ಬರು ಹೊರಗೆ ನೀರಿನ ಪೈಪು ಹಿಡಿಯಲಿ, ಇನ್ನೊಬ್ಬರು ಒಳಗೆ ಟಾರ್ಚ್ ಹಿಡಿದು ಕೂರಲಿ. ಅನುಮಾನ ಇರುವ ಹೊಲಿಗೆಗಳ ಒಳಮೈಗೂ ಪೈಪುಗಳಿಗೂ ಸೀಮೆಸುಣ್ಣ ತಿಕ್ಕಿಡಿ. ನೀರನ್ನು ಕೆಳಗಿನಿಂದ ಶುರು ಮಾಡಿ. ಮೊದಲು ತೊಟ್ಟಿಯ ಅಂಚು, ಆಮೇಲೆ ಪಕ್ಕದ ಗೋಡೆ, ಆಮೇಲೆ ಅಡ್ಡ ಹೊಲಿಗೆ, ಕೊನೆಗೆ ನೆತ್ತಿ. ಒಂದೊಂದು ಜಾಗಕ್ಕೆ ಐದು ನಿಮಿಷ ಕೊಡಿ. ಮೇಲಿನಿಂದ ಶುರು ಮಾಡಿದರೆ ನೀರು ಎಲ್ಲ ಕಡೆ ಹರಿದು ಯಾವುದು ಸೋರಿತು ಅಂತ ಗೊತ್ತಾಗುವುದೇ ಇಲ್ಲ. ಪೈಪಿನ ನೀರನ್ನು ಜೋರಾಗಿ ಚಿಮ್ಮಿಸಬೇಡಿ, ಮಳೆ ಹಾಗೆ ಬೀಳಲಿ. ಜೋರು ನೀರು ಗಟ್ಟಿ ಕ್ಯಾನ್ವಾಸ್‌ನಲ್ಲೂ ನುಗ್ಗುತ್ತದೆ, ನೀವು ಇಲ್ಲದ ದೋಷ ಹುಡುಕುತ್ತೀರಿ.

ಸಮತಟ್ಟು ಜಾಗದಲ್ಲಿ ಏನೂ ಕಾಣದಿದ್ದರೆ ಗಾಡಿಯ ಮೂತಿ ಮೇಲಾಗಿ ಒಮ್ಮೆ, ಕೆಳಗಾಗಿ ಒಮ್ಮೆ ನಿಲ್ಲಿಸಿ ಇದನ್ನೇ ಮಾಡಿ. ನನ್ನ ಹಗ್ಗದ ಸೋರಿಕೆ ಮೂತಿ ಮೇಲಿದ್ದಾಗ ಮಾತ್ರ ಕಾಣಿಸುತ್ತಿತ್ತು.

ಸಾಮಾನ್ಯವಾಗಿ ಸಿಗುವ ಮೂಲಗಳು ಇವು.

ಹಗ್ಗ, ಬೆಲ್ಟ್, ಪಟ್ಟಿ: ಹೊರಗಿನಿಂದ ಒಳಗೆ ಹೋಗುವ ಪ್ರತಿಯೊಂದೂ ನೀರಿಗೆ ದಾರಿ. ಐಲೆಟ್ ಹೊಕ್ಕುವ ಮೊದಲು ಹಗ್ಗ ಸ್ವಲ್ಪ ಕೆಳಗೆ ಜೋತುಬಿದ್ದು ಮತ್ತೆ ಮೇಲೆ ಬರುವಂತೆ ಕಟ್ಟಿ. ನೀರು ಆ ಜೋಲಿನ ತಳದಲ್ಲೇ ತೊಟ್ಟಿಕ್ಕುತ್ತದೆ, ಮೇಲೆ ಹತ್ತುವುದು ಕಡಿಮೆ. ಇನ್ನೂ ಒಳ್ಳೆಯದು, ಕಟ್ಟುವುದನ್ನೆಲ್ಲ ಹೊರಗೇ ಕಟ್ಟಿ. ನಾನು ಈಗ ನೆತ್ತಿಯ ಐಲೆಟ್ ತೆಗೆದು ಅಲ್ಲಿ ತೇಪೆ ಹಾಕಿ, ಕೊಕ್ಕೆಯನ್ನು ಹೊರಗೆ ಕ್ಯಾಬಿನ್ ಕಡೆಯ ಕಮಾನಿನ ಬುಡಕ್ಕೆ ಇಳಿಸಿದ್ದೇನೆ.

ಹೊಲಿಗೆಯ ಮಡಿಕೆ ತಿರುವು: ಎರಡು ಪಟ್ಟಿ ಕೂಡುವ ಕಡೆ ಅಂಚುಗಳನ್ನು ಒಂದರೊಳಗೊಂದು ಮಡಚಿ ಎರಡು ಸಾಲು ಹೊಲಿಗೆ ಹಾಕುತ್ತೇವೆ. ಮಡಿಕೆಯ ತೆರೆದ ಬಾಯಿ ಕೆಳಗೆ ನೋಡಬೇಕು, ಹಂಚು ಹೊದಿಸಿದ ಹಾಗೆ. ಮೇಲೆ ನೋಡಿದರೆ ಅದು ನೀರು ಹಿಡಿಯುವ ದೋಣಿ. ಚಾವಣಿಯ ಅಡ್ಡ ಹೊಲಿಗೆಯಲ್ಲಿ ಬಾಯಿ ಗಾಡಿಯ ಹಿಂದಕ್ಕೆ ನೋಡಬೇಕು. ಮುಂದಕ್ಕೆ ನೋಡಿದರೆ ಓಡುವಾಗ ಗಾಳಿ ಮಳೆಯನ್ನು ಮಡಿಕೆಯೊಳಗೆ ತುರುಕುತ್ತದೆ. ನಿಂತಾಗ ಸೋರದೆ ಓಡುವಾಗ ಮಾತ್ರ ಸೋರುವ ಟಾಪ್‌ಗೆ ಇದೇ ಕಾರಣ ಇರಬಹುದು. ಬೆರಳಿನಿಂದ ಸವರಿದರೆ ಬಾಯಿ ಯಾವ ಕಡೆಗಿದೆ ಅಂತ ತಿಳಿಯುತ್ತದೆ. ತಪ್ಪಾಗಿದ್ದರೆ ಬಿಚ್ಚಿ ಹೊಲಿಯುವುದೇ ಸರಿ. ಆಗದಿದ್ದರೆ ಮೇಲೆ 5 ಸೆಂಟಿಮೀಟರ್ ಅಗಲದ ಪಟ್ಟಿ ಮುಚ್ಚಿ ಹೊಲಿಯಿರಿ.

ತಾಗಿದ ಜಾಗ: ನೆನೆದ ಕ್ಯಾನ್ವಾಸ್‌ನ ಒಳಮೈಗೆ ಹಾಸಿಗೆ, ಪೆಟ್ಟಿಗೆ, ಮೊಣಕೈ ಏನೇ ತಾಗಿದರೂ ನೀರು ಅಲ್ಲಿಂದ ಒಳಗೆ ಇಳಿಯುತ್ತದೆ. ಸೋರುವ ಜಾಗ ಒಂದು ಸಾಮಾನಿನ ಎತ್ತರಕ್ಕೇ ಇದ್ದರೆ ಸಾಮಾನು ಸರಿಸಿ ನೋಡಿ. ಒಳಗೆ ಉದ್ದಕ್ಕೆ ಒಂದು ಮರದ ಪಟ್ಟಿ ಕೊಟ್ಟರೆ ಸಾಮಾನು ಬಟ್ಟೆಯಿಂದ ದೂರ ಉಳಿಯುತ್ತದೆ.

ಸೋಪು: ಇದು ಬಹಳ ಜನರಿಗೆ ಹೊಳೆಯುವುದಿಲ್ಲ. ಸೋಪಿನ ಪುಡಿ ಹಾಕಿ ಟಾಪ್ ತೊಳೆದ ಮೇಲೆ ಇಡೀ ಬಟ್ಟೆ ಒಂದೇ ಸಮ ನೆನೆಯಲು ಶುರುವಾದರೆ ಸೋಪು ಇನ್ನೂ ಬಟ್ಟೆಯಲ್ಲೇ ಇದೆ. ಸೋಪಿನ ಕೆಲಸವೇ ನೀರನ್ನು ಎಳೆಗೆ ಅಂಟಿಸುವುದು. ಬರಿ ನೀರಿನಲ್ಲಿ ನೊರೆ ಬರದ ತನಕ ಜಾಲಿಸಿ, ಒಣಗಿಸಿ, ಆಮೇಲೆ ನೀರು ತಡೆಯುವ ದ್ರಾವಣ ಹಚ್ಚಿ. ಇನ್ನು ಮುಂದೆ ಮೃದುವಾದ ಬ್ರಷ್, ತಣ್ಣೀರು ಸಾಕು.

ಚಾವಣಿಯಲ್ಲಿ ನೀರು ನಿಂತರೆ

ಎರಡು ಕಮಾನಿನ ನಡುವೆ ಬಟ್ಟೆ ಜೋತುಬಿದ್ದು ಹೊಂಡ ಆಗುತ್ತದೆ. 80 ಸೆಂಟಿಮೀಟರ್ ಉದ್ದ, 50 ಅಗಲ, ಬರೀ 2 ಸೆಂಟಿಮೀಟರ್ ಆಳ ನೀರು ನಿಂತರೆ 8 ಲೀಟರ್, ಅಂದರೆ 8 ಕೆಜಿ. ಆ ಭಾರಕ್ಕೆ ಬಟ್ಟೆ ಇನ್ನಷ್ಟು ಜೋಲುತ್ತದೆ, ಇನ್ನಷ್ಟು ನೀರು ಸೇರುತ್ತದೆ. ಎಂಥ ಒಳ್ಳೆ ಕ್ಯಾನ್ವಾಸ್ ಆದರೂ ನಿಂತ ನೀರನ್ನು ರಾತ್ರಿಯಿಡೀ ತಡೆಯುವುದಿಲ್ಲ.

ಒಣಗಿರುವಾಗ ಬಟ್ಟೆಯ ಮೇಲೆ ಒಂದು ಉದ್ದ ಕೋಲನ್ನು ಎರಡು ಕಮಾನಿನ ಮೇಲೆ ಕೂರುವ ಹಾಗೆ ಇಟ್ಟು ಕೆಳಗಿನ ಸಂದಿ ಅಳೆಯಿರಿ. ನಡುವೆ ಎರಡು ಬೆರಳಿಗಿಂತ ಜಾಸ್ತಿ ಜೋಲು ಇದ್ದರೆ ನೀರು ನಿಲ್ಲುತ್ತದೆ. ಎಳೆದು ಬಿಗಿ ಮಾಡಿದರೆ ಸರಿಹೋಗುತ್ತದೆ ಅಂತ ಅನ್ನಿಸಬಹುದು. ಒಂದು ವಾರ ಸರಿಯಿರುತ್ತದೆ, ಆಮೇಲೆ ಐಲೆಟ್ ಕಿತ್ತು ಬರುತ್ತದೆ. ಕಮಾನುಗಳ ನಡುವೆ 60 ಸೆಂಟಿಮೀಟರಿಗಿಂತ ಜಾಸ್ತಿ ಅಂತರ ಇದ್ದರೆ ಇನ್ನೊಂದು ಕಮಾನು ಸೇರಿಸಿ. ಆಗದಿದ್ದರೆ ಕಮಾನುಗಳ ಮೇಲೆ, ಬಟ್ಟೆಯ ಕೆಳಗೆ, ನೆತ್ತಿಗೆ ಒಂದು, ಎರಡೂ ಹೆಗಲಿಗೆ ಒಂದೊಂದು ಅಗಲ ಪಟ್ಟಿ ಬಿಗಿದು ಕಟ್ಟಿ. ಕಮಾನು ತೀರಾ ಚಪ್ಪಟೆಯಾಗಿದ್ದರೂ ಇದೇ ತೊಂದರೆ. ಒಂದೂವರೆ ಮೀಟರ್ ಅಗಲದ ಟಾಪ್‌ಗೆ ನೆತ್ತಿ ಹೆಗಲಿಗಿಂತ 15 ಸೆಂಟಿಮೀಟರ್ ಆದರೂ ಮೇಲಿರಲಿ ಅಂತ ನನ್ನ ಸಲಹೆ.

ಐಲೆಟ್ ಕಿತ್ತು ಬಂದರೆ, ಮೂಲೆ ಹರಿದರೆ

ಕಿತ್ತ ಐಲೆಟ್ಟನ್ನು ತಕ್ಷಣ ಬದಲಾಯಿಸಬೇಡಿ. ತೂತು ಯಾವ ಕಡೆಗೆ ಹಿಗ್ಗಿದೆ ಅಂತ ನೋಡಿ. ಅದು ಎಳೆತದ ದಿಕ್ಕನ್ನು ಬರೆದಿಟ್ಟಿರುತ್ತದೆ.

ತೂತು ನೇರ ಕೆಳಕ್ಕೆ, ಅಂಚಿನ ಕಡೆಗೆ ಹಿಗ್ಗಿದ್ದರೆ ಬಟ್ಟೆ ಕುಗ್ಗಿದೆ. ನೆನೆಸದೆ ಹೊಲಿದ ಹತ್ತಿ ಕ್ಯಾನ್ವಾಸ್ ನೆನೆದು ಒಣಗಿದಾಗ ಗಣನೀಯವಾಗಿ ಕುಗ್ಗುತ್ತದೆ. ಎಷ್ಟು ಅಂತ ಊಹೆ ಮಾಡುವ ಬದಲು ಅಳೆಯಿರಿ. ಉಳಿದ ತುಂಡಿನ ಮೇಲೆ 50 ಸೆಂಟಿಮೀಟರ್ ಚೌಕ ಗುರುತು ಹಾಕಿ, ನೆನೆಸಿ ಒಣಗಿಸಿ ಮತ್ತೆ ಅಳೆಯಿರಿ. 50 ಇದ್ದದ್ದು 47 ಆದರೆ ನೂರಕ್ಕೆ 6. ಅದೇ ಲೆಕ್ಕದಲ್ಲಿ 2.4 ಮೀಟರ್ ಉದ್ದದ ಟಾಪ್ 14 ಸೆಂಟಿಮೀಟರಿಗೂ ಜಾಸ್ತಿ ಗಿಡ್ಡವಾಗುತ್ತದೆ! ಹಾಸಿನ ಕಡೆಗೂ ಹೊಕ್ಕಿನ ಕಡೆಗೂ ಬೇರೆ ಬೇರೆ ಅಳತೆ ಬರುತ್ತದೆ, ಎರಡನ್ನೂ ಬರೆದಿಟ್ಟುಕೊಳ್ಳಿ. ಈಗಾಗಲೇ ಕುಗ್ಗಿದ್ದರೆ ಅಂಚಿಗೆ ಒಂದು ಪಟ್ಟಿ ಸೇರಿಸಿ ಹೊಲಿದು ಐಲೆಟ್ಟನ್ನು ಹೊಸ ಪಟ್ಟಿಗೆ ಹಾಕಿ. ಹಗ್ಗದ ಬದಲು ರಬ್ಬರ್ ಹಗ್ಗ ಹಾಕಿದರೆ ಮಳೆಯಲ್ಲಿ ಬಿಗಿಯಾಗಿ ಬಿಸಿಲಲ್ಲಿ ಸಡಿಲಾಗುವ ಆಟವನ್ನು ಅದು ನುಂಗಿಕೊಳ್ಳುತ್ತದೆ.

ತೂತು ಅಡ್ಡಕ್ಕೆ ಹಿಗ್ಗಿದ್ದರೆ ಗಾಳಿಯ ಬಡಿತ. ಅದು ಮುಂದೆ ಬರುತ್ತದೆ.

ಮುಂದಿನ ಎರಡು ಮೂಲೆಗಳಲ್ಲಿ ಮಾತ್ರ ಓರೆಯಾಗಿ ಹರಿದಿದ್ದರೆ ಕೇಳಿಕೊಳ್ಳಿ: ಟಾಪಿನ ಮುಂದಿನ ಅಂಚನ್ನು ಕ್ಯಾಬಿನ್‌ಗೆ ಕಟ್ಟಿದ್ದೇನಾ? ಹಳೆ ಪಿಕಪ್‌ಗಳಲ್ಲಿ ಸಾಮಾನ್ಯವಾಗಿ ಕ್ಯಾಬಿನ್ ಬೇರೆ, ತೊಟ್ಟಿ ಬೇರೆ. ಎರಡನ್ನೂ ಒಂದೇ ಚಾಸಿಗೆ (ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟಿಗೆ) ಬೇರೆ ಬೇರೆಯಾಗಿ ಬೋಲ್ಟ್ ಮಾಡಿರುತ್ತಾರೆ. ಹಳ್ಳ ದಿಣ್ಣೆಯಲ್ಲಿ ಚಾಸಿ ತಿರುಚಿಕೊಳ್ಳುತ್ತದೆ, ಕ್ಯಾಬಿನ್ ಒಂದು ಕಡೆ ವಾಲಿದರೆ ತೊಟ್ಟಿ ಇನ್ನೊಂದು ಕಡೆ ವಾಲುತ್ತದೆ. ಹಿಂದಿನ ಒಂದು ಚಕ್ರವನ್ನು ನಿಧಾನಕ್ಕೆ 15 ಸೆಂಟಿಮೀಟರ್ ದಿಣ್ಣೆ ಹತ್ತಿಸಿ ನಿಲ್ಲಿಸಿ. ಕ್ಯಾಬಿನ್ ಹಿಂಭಾಗಕ್ಕೂ ಮೊದಲ ಕಮಾನಿಗೂ ನಡುವಿನ ಅಂತರವನ್ನು ಎಡಕ್ಕೂ ಬಲಕ್ಕೂ ಮೇಲ್ಗಡೆ ಅಳೆಯಿರಿ. ಕಮಾನು ಕ್ಯಾಬಿನ್ನಿಗಿಂತ ಓರೆಯಾಗಿ ನಿಂತಿರುವುದನ್ನು ಹಿಂದಿನಿಂದ ಕಣ್ಣಲ್ಲೇ ನೋಡಬಹುದು. ನಾನು ಮೊದಲ ಸಲ ನೋಡಿದಾಗ ನಿಜಕ್ಕೂ ಬೆಚ್ಚಿಬಿದ್ದೆ. ಅಷ್ಟು ಗಟ್ಟಿ ಕಬ್ಬಿಣ ಅಷ್ಟು ಆಡುತ್ತದೆ ಅಂತ ಅಂದುಕೊಂಡಿರಲಿಲ್ಲ.

ಟಾಪನ್ನು ತೊಟ್ಟಿಗೆ ಮಾತ್ರ ಕಟ್ಟಿ. ಕ್ಯಾಬಿನ್‌ಗೆ ಕಟ್ಟಿದ್ದನ್ನು ಬಿಚ್ಚಿ. ಕ್ಯಾಬಿನ್ ಕಿಟಕಿಯಿಂದ ಒಳಗೆ ಹೋಗುವ ದಾರಿ ಬೇಕೇ ಬೇಕು ಅಂದರೆ ಅಕಾರ್ಡಿಯನ್ ಹಾಗೆ ಮಡಿಕೆ ಇರುವ ಸಡಿಲವಾದ ಬಟ್ಟೆ ತೋಳು ಹೊಲಿಯಬೇಕು.

ಐಲೆಟ್ ಮತ್ತೆ ಹಾಕುವಾಗ ಒಂದು ಪದರಕ್ಕೆ ಹಾಕಬೇಡಿ. ಅಂಚಿನ ಮಡಿಕೆಯೊಳಗೆ ಅಗಲ ಪಟ್ಟಿ ಇಟ್ಟು ಹೊಲಿದು, ಕಡಿಮೆ ಅಂದರೂ ನಾಲ್ಕು ಪದರ ಆಗುವಂತೆ ಮಾಡಿ. ತೂತನ್ನು ಐಲೆಟ್‌ನ ಕುತ್ತಿಗೆಗಿಂತ ಸ್ವಲ್ಪ ಚಿಕ್ಕದಾಗಿ ಕತ್ತರಿಸಿ ಒತ್ತಿ ತೂರಿಸಿ. ಹಲ್ಲಿರುವ ಹಿತ್ತಾಳೆ ಐಲೆಟ್ ಬಟ್ಟೆಯನ್ನು ಚೆನ್ನಾಗಿ ಕಚ್ಚುತ್ತದೆ.

ಓಡುವಾಗ ಪಟಪಟ ಸದ್ದು, ಬಲೂನಿನ ಹಾಗೆ ಉಬ್ಬುವುದು

ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಗಾಳಿಗೆ ನೇರ ಎದುರಾದ ಒಂದು ಚದರ ಮೀಟರ್ ಬಟ್ಟೆಯ ಮೇಲೆ ಸುಮಾರು 30 ಕೆಜಿ ಭಾರ ಬೀಳುತ್ತದೆ. ಅದೇ 40 ಕಿಲೋಮೀಟರ್‌ನಲ್ಲಿ ಏಳೂವರೆ ಕೆಜಿ. ವೇಗ ಅರ್ಧ ಆದರೆ ಭಾರ ಕಾಲು ಭಾಗ. ಆದ್ದರಿಂದ ಊರೊಳಗೆ ಓಡಿಸಿ ಸರಿಯಾಗಿದೆ ಅಂತ ಒಪ್ಪಿಕೊಳ್ಳಬೇಡಿ.

ಇಲ್ಲಿ ಎರಡು ಬೇರೆ ಬೇರೆ ದೋಷ ಇವೆ, ಕಿವಿಗೆ ಒಂದೇ ಥರ ಕೇಳಿಸುತ್ತವೆ. ಬಟ್ಟೆ ಸಡಿಲವಾಗಿ ಬಡಿಯುವುದು ಒಂದು. ಗಾಳಿ ಒಳಗೆ ನುಗ್ಗಿ ಟಾಪ್ ಉಬ್ಬುವುದು ಇನ್ನೊಂದು. ಟಾಪಿನ ಹೊರಗೆ ಅಲ್ಲಲ್ಲಿ ಒಂದು ಗೇಣುದ್ದದ ಉಣ್ಣೆ ದಾರದ ತುಂಡುಗಳನ್ನು ಟೇಪಿನಿಂದ ಅಂಟಿಸಿ. ಗೊತ್ತಿರುವವರು ಒಬ್ಬರು ಹಿಂದೆ ಬೇರೆ ಗಾಡಿಯಲ್ಲಿ ಬರಲಿ, ಅವರ ಪಕ್ಕ ಕೂತವರು ಫೋನಿನಲ್ಲಿ ವಿಡಿಯೊ ತೆಗೆಯಲಿ. ದಾರ ಬಟ್ಟೆಗೆ ಅಂಟಿಕೊಂಡು ಹಿಂದಕ್ಕೆ ಮಲಗಿದ್ದರೆ ಅಲ್ಲಿ ಗಾಳಿ ಸಲೀಸಾಗಿ ಹರಿಯುತ್ತಿದೆ. ದಾರ ಹುಚ್ಚುಹುಚ್ಚಾಗಿ ಸುತ್ತುತ್ತಿದ್ದರೆ ಬಡಿತ ಶುರುವಾಗುವುದು ಅಲ್ಲೇ. ಚಾವಣಿ ಇಡೀ ಮೇಲಕ್ಕೆ ಎದ್ದು ಕಮಾನಿನಿಂದ ಬಿಟ್ಟುಕೊಂಡಿದ್ದರೆ ಒಳಗೆ ಗಾಳಿ ತುಂಬುತ್ತಿದೆ ಅಂತ ಅರ್ಥ.

ತುಂಬುವ ಗಾಳಿ ಬಹುತೇಕ ಮುಂಗೋಡೆಯ ಕೆಳಗಿನ ಸಂದಿಯಿಂದಲೋ, ತೊಟ್ಟಿಯ ಅಂಚು ಮತ್ತು ಬಟ್ಟೆಯ ನಡುವಿನಿಂದಲೋ ಬರುತ್ತದೆ. ಪಕ್ಕದ ಬಟ್ಟೆ ತೊಟ್ಟಿಯ ಅಂಚಿನ ಹೊರಗಿನಿಂದ ಒಂದು ಗೇಣು ಕೆಳಗೆ ಇಳಿದಿರಬೇಕು. ಐಲೆಟ್‌ಗಳ ನಡುವೆ ಜಾಸ್ತಿ ದೂರ ಇದ್ದರೆ ನಡುವಿನ ಅಂಚು ಬಾಯಿ ಬಿಡುತ್ತದೆ. 20 ಸೆಂಟಿಮೀಟರಿಗೆ ಒಂದು ಇರಲಿ. ಮುಂಗೋಡೆ ಕ್ಯಾಬಿನ್ನಿನ ನೆತ್ತಿಗಿಂತ ಎತ್ತರವಾಗಿದ್ದರೆ ಆ ಹೆಚ್ಚಿನ ಭಾಗ ಗಾಳಿಯನ್ನು ಎದೆಕೊಟ್ಟು ನಿಲ್ಲಿಸುತ್ತದೆ. ಅದನ್ನು ಹಿಂದಕ್ಕೆ ಓರೆ ಮಾಡಿ ಹೊಲಿದರೆ ಬಹಳ ವ್ಯತ್ಯಾಸ ಕಾಣುತ್ತದೆ.

ಬಟ್ಟೆ ಕಮಾನಿಗೆ ಉಜ್ಜಿ ಸವೆದ ಜಾಗದಲ್ಲಿ ಸುಮ್ನೆ ತೇಪೆ ಹಾಕಿದರೆ ತೇಪೆಯೂ ಸವೆಯುತ್ತದೆ. ಕಮಾನಿನ ಮೇಲೆ ಕೈಯಾಡಿಸಿ. ವೆಲ್ಡಿಂಗ್ ಗಂಟು, ಬೋಲ್ಟ್ ತಲೆ, ಚೂಪು ಅಂಚು ಸಿಗುತ್ತದೆ. ಅದನ್ನು ಅರದಿಂದ ಉಜ್ಜಿ ನುಣುಪು ಮಾಡಿ, ಆಮೇಲೆ ಬಟ್ಟೆಯ ಒಳಮೈಗೆ ಚರ್ಮದ ತುಂಡು ಹೊಲಿಯಿರಿ.

ಹೊಲಿಗೆಯೇ ಬಿಚ್ಚಿಕೊಂಡರೆ

ದಾರ ತುಂಡಾಗಿದೆಯೋ, ಬಟ್ಟೆ ತುಂಡಾಗಿದೆಯೋ ನೋಡಿ. ದಾರ ಮಾತ್ರ ತುಂಡಾಗಿದ್ದರೆ ದಾರ ಬಿಸಿಲಿಗೆ ಸತ್ತಿದೆ ಅಥವಾ ತೀರಾ ತೆಳುವಾಗಿದೆ. ನೈಲಾನ್ ದಾರ ಬಿಸಿಲಿಗೆ ಪಾಲಿಯೆಸ್ಟರಿಗಿಂತ ಬೇಗ ಸೋಲುತ್ತದೆ. ಹತ್ತಿ ಕ್ಯಾನ್ವಾಸ್‌ಗೆ ನನಗೆ ಇಷ್ಟವಾದದ್ದು ಒಳಗೆ ಪಾಲಿಯೆಸ್ಟರ್, ಹೊರಗೆ ಹತ್ತಿ ಸುತ್ತಿದ ದಾರ. ಒಳಗಿನದು ಬಲ ಕೊಡುತ್ತದೆ, ಹೊರಗಿನದು ಉಬ್ಬಿ ತೂತು ಮುಚ್ಚುತ್ತದೆ.

ಬಟ್ಟೆ ಹೊಲಿಗೆ ಸಾಲಿಗೇ ಸರಿಯಾಗಿ, ಅಂಚೆಚೀಟಿ ಹರಿದ ಹಾಗೆ, ಹರಿದಿದ್ದರೆ ಹೊಲಿಗೆ ತೀರಾ ಒತ್ತೊತ್ತಾಗಿದೆ. 3ರಿಂದ 4 ಮಿಲಿಮೀಟರ್ ಉದ್ದದ ಹೊಲಿಗೆ ಸಾಕು. ಗಟ್ಟಿಯಾಗಲಿ ಅಂತ ಒತ್ತಾಗಿ ಹೊಲಿಯುವುದು ತುಂಬ ಒಳ್ಳೆ ಮನಸ್ಸಿನಿಂದ ಮಾಡುವ ತಪ್ಪು. ನಾನೂ ಮಾಡಿದ್ದೇನೆ.

ಮಷೀನ್ ನಾಲ್ಕು ಪದರದ ಮಡಿಕೆ ಬಂದಾಗ ಹೊಲಿಗೆ ಬಿಟ್ಟುಬಿಟ್ಟು ಹೋದರೆ ಮೊದಲು ಸೂಜಿ ಬದಲಾಯಿಸಿ. 110 ನಂಬರಿನದು, ದಪ್ಪ ಜಾಸ್ತಿಯಾದರೆ 120. ಕೆಳಗಡೆ ದಾರ ಗುಂಗುರು ಗುಂಗುರಾಗಿ ಬಂದರೆ ತೊಂದರೆ ಮೇಲಿನ ದಾರದ ಬಿಗಿಯಲ್ಲಿದೆ, ಮೇಲ್ಗಡೆ ಬಂದರೆ ಬಾಬಿನ್ (ಕೆಳಗಿನ ದಾರದ ಉರುಳೆ) ಕಡೆ ನೋಡಿ. ಮಡಿಕೆ ಕೂಡುವ ಗಂಟಿನಲ್ಲಿ ಮೋಟಾರ್ ಬಳಸದೆ ಚಕ್ರವನ್ನು ಕೈಯಲ್ಲಿ ತಿರುಗಿಸಿ.

ಬೂಷ್ಟು, ಮೇಣ, ತುಕ್ಕು

ಒದ್ದೆ ಟಾಪ್ ಮಡಚಿಟ್ಟರೆ ಬೂಷ್ಟು ಹಿಡಿಯಲು ಎರಡು ದಿನ ಸಾಕು. ಕಪ್ಪು ಚುಕ್ಕೆ ಕಂಡರೆ ಮೊದಲು ಬಿಸಿಲಲ್ಲಿ ಒಣಗಿಸಿ, ಮನೆಯ ಹೊರಗೆ ಮೂಗಿಗೆ ಬಟ್ಟೆ ಕಟ್ಟಿಕೊಂಡು ಒಣ ಬ್ರಷ್‌ನಿಂದ ಉದುರಿಸಿ. ಆಮೇಲೆ ನೀರು ಬೆರೆಸಿದ ವಿನೆಗರ್ ಸವರಿ. ಬ್ಲೀಚ್ ಹಾಕಬೇಡಿ. ಕಲೆ ಹೋಗುತ್ತದೆ, ಜೊತೆಗೆ ಹತ್ತಿಯ ಬಲವೂ ಹೋಗುತ್ತದೆ. ವಿನೆಗರ್‌ನಿಂದ ಕಲೆ ಉಳಿಯಬಹುದು, ಉಳಿಯಲಿ. ಬಟ್ಟೆ ಬದುಕಿದೆಯೋ ಅಂತ ನೋಡಲು ಚುಕ್ಕೆ ಇರುವ ಕಡೆ ಎರಡು ಹೆಬ್ಬೆರಳಿನಿಂದ ಬಲವಾಗಿ ಎಳೆಯಿರಿ. ಪಟ್ ಅಂತ ಎಳೆ ಬಿಟ್ಟರೆ ಆ ಪಟ್ಟಿಯನ್ನೇ ಬದಲಾಯಿಸಬೇಕು.

ಮೇಣ ಹಚ್ಚಿದ ಬಟ್ಟೆಯಲ್ಲಿ ಚಳಿಗೆ ಮಡಿಕೆ ಬಿದ್ದ ಕಡೆ ಬಿಳಿ ಗೆರೆ ಕಂಡರೆ ಮೇಣ ಬಿರುಕು ಬಿಟ್ಟಿದೆ. ಹೇರ್ ಡ್ರೈಯರ್ ಹಿಡಿದು ಬಿಸಿ ಮಾಡಿ ಬಟ್ಟೆಯಿಂದ ಒರೆಸಿದರೆ ಮೇಣ ಕರಗಿ ಮತ್ತೆ ಸೇರಿಕೊಳ್ಳುತ್ತದೆ. ಜೇನುಮೇಣ 62ರಿಂದ 64 ಡಿಗ್ರಿಗೆ ಕರಗುತ್ತದೆ, ಜಾಸ್ತಿ ಬಿಸಿ ಬೇಕಿಲ್ಲ. ಬಿಸಿಲಲ್ಲಿ ಟಾಪ್ ಅಂಟಂಟಾಗಿ ಧೂಳು ಹಿಡಿದರೆ ಮೇಣ ಜಾಸ್ತಿಯಾಗಿದೆ. ಅಗಸೆ ಎಣ್ಣೆ ಬಳಸುವವರಿಗೆ ಒಂದು ಎಚ್ಚರಿಕೆ: ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿ ಬಿಸಿಯೇರಿ ಬೆಂಕಿ ಹತ್ತುತ್ತದೆ. ಹೊರಗೆ ಹರಡಿ ಒಣಗಿಸಿ.

ಇನ್ನು ತುಕ್ಕು. ಹಳೆ ಗಾಡಿ ಪ್ರೀತಿಸುವವರು ಟಾಪಿನ ಬಗ್ಗೆ ಯೋಚಿಸುತ್ತಾ ತೊಟ್ಟಿಯನ್ನು ಮರೆಯುತ್ತಾರೆ. ಒದ್ದೆ ಕ್ಯಾನ್ವಾಸ್ ಒತ್ತಿಕೊಂಡಿರುವ ಅಂಚಿನಲ್ಲಿ ಪೇಂಟ್ ಗುಳ್ಳೆ ಬಂದಿದೆಯಾ ನೋಡಿ. ಬಂದಿದ್ದರೆ ಕೆರೆದು ಪ್ರೈಮರ್ ಹಚ್ಚಿ, ಬಟ್ಟೆಗೂ ಅಂಚಿಗೂ ನಡುವೆ ರಬ್ಬರ್ ಪಟ್ಟಿ ಕೊಡಿ. ಅಲ್ಯೂಮಿನಿಯಂ ಕಮಾನನ್ನು ನೇರ ಕಬ್ಬಿಣಕ್ಕೆ ಬೋಲ್ಟ್ ಮಾಡಿದ್ದರೆ ತೇವ ಸೇರಿದಾಗ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ತಿನ್ನಿಸಿಕೊಳ್ಳುತ್ತದೆ. ಅಲ್ಲೂ ರಬ್ಬರ್ ಅಥವಾ ಪ್ಲಾಸ್ಟಿಕ್ ವಾಷರ್ ಬೇಕು.

ತೊಟ್ಟಿಯ ಅಂಚಿನಲ್ಲಿ ಗೂಟ ಇಳಿಸುವ ಚೌಕ ಗೂಡುಗಳಿದ್ದರೆ ಕಮಾನಿನ ಕಾಲುಗಳನ್ನು ಅದರಲ್ಲೇ ಇಳಿಸಿರುತ್ತೀರಿ, ಅಲ್ವಾ? ಹೊಸ ತೂತು ಕೊರೆಯುವುದು ತಪ್ಪುತ್ತದೆ, ಒಳ್ಳೆಯದೇ. ಆದರೆ ಕಮಾನಿನ ಮೇಲೆ ಹರಿದ ನೀರೆಲ್ಲ ಕೊನೆಗೆ ಆ ಗೂಡಿನ ತಳ ಸೇರುತ್ತದೆ. ಹಳೆ ಮಣ್ಣು, ಎಲೆ ತುಂಬಿ ನೀರು ಹೋಗುವ ದಾರಿ ಮುಚ್ಚಿರುತ್ತದೆ. ಒಂದು ಸಲ ಕಮಾನುಗಳನ್ನೆಲ್ಲ ಎತ್ತಿ ತೆಗೆಯಿರಿ. ಪ್ರತಿ ಗೂಡಿಗೂ ಒಂದು ಲೋಟ ನೀರು ಹಾಕಿ, ಕೆಳಗೆ ಬಗ್ಗಿ ನೋಡಿ. ನೀರು ಅರ್ಧ ನಿಮಿಷದಲ್ಲಿ ಹೊರಗೆ ಬರದಿದ್ದರೆ ತಂತಿ ಹಾಕಿ ಕೆದಕಿ, ಮಣ್ಣು ಪೂರ್ತಿ ತೊಳೆದುಹೋಗುವ ತನಕ ನೀರು ಬಿಡಿ. ಗೂಡು ಒಣಗಿದ ಮೇಲೆ ಒಳಗೆ ತುಕ್ಕು ತಡೆಯುವ ಪೇಂಟನ್ನು ಉದ್ದ ಬ್ರಷ್‌ನಿಂದ ಹಚ್ಚಿ. ಕಮಾನಿನ ಕಾಲಿಗೆ ಗ್ರೀಸ್ ಸವರಿ ಮತ್ತೆ ಇಳಿಸಿ.